ಏಳನೆಯ ಪ್ರಶ್ನೆ

ಕೊಣಾಜೆಯಿಂದ ಮೂರು ಬಸ್ಸು ಬದಲಿಸಿ
ಮಲ್ಪೆ ಮುಟ್ಟಿದಾಗ ನನ್ನ ಚೀಲದಲ್ಲಿ
ನಲವತ್ತೆರಡು ಪ್ರಶ್ನಾವಳಿ.
ಒಂದೊಂದರಲ್ಲೂ ಮೂವತ್ತು ಪ್ರಶ್ನೆ,
ಒಂದೊಂದು ಪ್ರಶ್ನೆಗೂ ಐದು ಚೌಕ:
'ಖಂಡಿತ ಹೌದು'ವಿನಿಂದ 'ಖಂಡಿತ ಇಲ್ಲ'ದವರೆಗೆ
ಮಗುವಿನ ಮನಸ್ಸು ನಡೆಯಬಹುದಾದ ದೂರ
ನಾಲ್ಕು ಬೆರಳಗಲ.

ಮೌಲ್ಯಶಿಕ್ಷಣದ ಇತ್ತೀಚಿನ ಒಲವುಗಳು
ಎಂಬ ಅಧ್ಯಾಯ ಆಗಲೇ ಬರೆದು ಮುಗಿಸಿದ್ದೆ.
ಮೊದಲು ನೀತಿಕತೆ ಹೇಳುತ್ತಿದ್ದರು,
ಆಮೇಲೆ ಗುಂಪು ಮಾಡಿ ಚರ್ಚಿಸಿದರು,
ಈಗ ಅಳೆಯುತ್ತಾರೆ.
ಅರುವತ್ತು ಪುಟ. ಅಡಿಟಿಪ್ಪಣಿ ನೂರಾ ಹನ್ನೊಂದು.
ಒಂದು ಮಗುವಿನ ಹೆಸರೂ ಇಲ್ಲ.

ಬೋಟು ಕಟ್ಟುವ ಶೆಡ್ಡಿನ ಹಿಂದೆ ಶಾಲೆ.
ಜೂನ್ ತಿಂಗಳು, ಕಡಲಿಗಿಳಿಯುವ ಹಾಗಿಲ್ಲ;
ಧಕ್ಕೆಯಲ್ಲಿ ಬೋಟುಗಳು ಒಂದರ ಸೊಂಟಕ್ಕೊಂದು
ಹಗ್ಗ ಬಿಗಿದುಕೊಂಡು ನಿದ್ದೆ.
ಆರನೆಯ ತರಗತಿ. ಕುಂದರ್, ಸಾಲಿಯಾನ್, ಡಿಮೆಲ್ಲೊ,
ಕಿಟಕಿಯ ಪಕ್ಕ ಅಫೀಫಾ,
ಕೊನೆಯ ಬೆಂಚಿನಲ್ಲಿ ಕೊಪ್ಪಳದ ದ್ಯಾಮವ್ವ,
ಅಪ್ಪ ಬಲೆ ಹೊರುತ್ತಾನೆ.
ಅವಳ ಪೆನ್ಸಿಲಿನ ಮೊನೆ ಮುರಿದಿತ್ತು,
ಮೆಟ್ಟಿಲ ಕೆಳಗಿನ ಕಪಾಟಿನಿಂದ ಒಂದು ತಂದು ಕೊಟ್ಟೆ.

ಏಳನೆಯದು:
ದಾರಿಯಲ್ಲಿ ಸಿಕ್ಕ ಪರ್ಸನ್ನು ನಾನು ಹಿಂದಿರುಗಿಸುತ್ತೇನೆ.
ನಲವತ್ತೊಂದು ಮಂದಿ ಖಂಡಿತ ಹೌದು.
ನಲವತ್ತೊಂದು ಸಂತರು ಗಂಟೆ ಹೊಡೆದದ್ದೇ ತಡ
ತಟ್ಟೆ ಬಡಿಯುತ್ತ ಬಿಸಿಯೂಟಕ್ಕೆ ಓಡಿದರು,
ಸಾಲಿನಲ್ಲಿ ಮೊಣಕೈ ತಿವಿದು.

ದ್ಯಾಮವ್ವ ಎದ್ದಿರಲಿಲ್ಲ.
'ಪಾಕೀಟು ಯಾರದ್ರೀ ಅಕ್ಕಾರ?'
ಯಾರದ್ದೋ, ಅಂದೆ.
'ಯಾರದಂತ ಗೊತ್ತಿಲ್ದ ಹೆಂಗ ಹೇಳ್ಲಿ?'
ಖಾಲಿ ಬಿಟ್ಟು ಕೊಟ್ಟಳು.

ಗೈಡು ಫೋನಿನಲ್ಲಿ ನಕ್ಕರು:
ಖಾಲಿ ಇದ್ದಲ್ಲಿ ಸರಾಸರಿ ತುಂಬುವುದು ಪದ್ಧತಿ.
ಸರಾಸರಿ ಐದು. ಐದು ಹಾಕಿಬಿಡು.

ಮೆಟ್ಟಿಲ ಕೆಳಗಿನದು ಯಜಮಾನನಿಲ್ಲದ ಅಂಗಡಿ:
ಪೆನ್ಸಿಲು, ರಬ್ಬರು, ಎರಡು ಗೆರೆಯ ಕಾಪಿ,
ದುಡ್ಡು ಹಾಕಲು ಉಪ್ಪಿನಕಾಯಿಯ ಭರಣಿ.
ಜೆಸಿಂತಾ ಟೀಚರ್ ಪ್ರತಿ ಶನಿವಾರ ಎಣಿಸಿ
ಬೋರ್ಡಿನ ಮೂಲೆಗೆ ಬರೆಯುತ್ತಾರೆ:
ಹನ್ನೆರಡು ಕಡಿಮೆ. ಮತ್ತೊಂದು ವಾರ ಇಪ್ಪತ್ತು.
ಯಾರನ್ನೂ ಕೇಳುವುದಿಲ್ಲ, ಯಾರನ್ನೂ ನೋಡುವುದಿಲ್ಲ,
ಸೀಮೆಸುಣ್ಣದ ಕೈ ಒರೆಸಿ ಗಣಿತಕ್ಕೆ ತೊಡಗುತ್ತಾರೆ.
ಒಂದು ಕ್ಯಾಮರಾ ಇಡೋಣವೇ, ಅಧ್ಯಯನಕ್ಕೆ, ಎಂದೆ.
'ಇಟ್ಟರೆ ಅದು ಬ್ಯಾಂಕ್ ಆಗ್ತದೆ ಮಾರಾಯ್ತಿ.'

ಜುಲೈ ಕೊನೆಗೆ ತೊಂಬತ್ತೆಂಟು ಕಡಿಮೆ.
ನನ್ನ ಕೋಷ್ಟಕದಲ್ಲಿ ಅದಕ್ಕೊಂದು ಹೆಸರಿತ್ತು,
ನಡೆಗೂ ನುಡಿಗೂ ನಡುವಿನ ಅಂತರ,
ಕೆಂಪು ಶಾಯಿಯಲ್ಲಿ ಅಡಿಗೆರೆ ಕೂಡ ಎಳೆದಿದ್ದೆ.

ಆಗಸ್ಟಿನಲ್ಲಿ ಬೋಟುಗಳು ಹೋದವು.
ಎರಡನೆಯ ಶನಿವಾರ ಟೀಚರ್ ಭರಣಿ ಮಗುಚಿದಾಗ
ಹೆಚ್ಚು, ಇಪ್ಪತ್ತೆರಡು.
ಮುಂದಿನ ವಾರ ಮೂವತ್ತು.
ಒಂದು ಹತ್ತರ ನೋಟು ಮೆತ್ತಗೆ, ಕಡಲ ವಾಸನೆ,
ಅದರ ಬೆನ್ನಿಗೆ ಅಂಟಿದ ಮೀನಿನ ಹುರುಪೆ ಒಂದು
ಬಿಸಿಲಿಗೆ ಹಿಡಿದರೆ ಬಣ್ಣ ಬಿಡುತ್ತಿತ್ತು.
ಯಾವ ತಾಯಿಯ ಕೈ ದಾಟಿ ಬಂತೋ.
ಟೀಚರ್ ಅದನ್ನು ಉಗುರಿನಿಂದ ಕೆರೆಯಲಿಲ್ಲ.
ತಿಂಗಳ ಕೊನೆಗೆ ಬೋರ್ಡಿನ ಮೂಲೆಯಲ್ಲಿ
ಲೆಕ್ಕ ಮುಟ್ಟಿತು,
ಐದು ರೂಪಾಯಿ ಬಿಟ್ಟು.

ಉಡುಪಿಗೆ ಹಿಂದಿರುಗುವ ಬಸ್ಸು.
ಕಲ್ಮಾಡಿ ಸೇತುವೆಯ ಮೇಲೆ ಕಂಡಕ್ಟರು
ಚಿಲ್ಲರೆ ಎಂದು ಐದರ ಬಿಲ್ಲೆ ಅಂಗೈಗಿಟ್ಟ.
ಮುರಿದ ಮೊನೆ. ಮೆಟ್ಟಿಲ ಕೆಳಗಿನ ಕಪಾಟು.
ಭರಣಿಗೆ ನಾನು ಏನೂ ಹಾಕಿರಲಿಲ್ಲ.

ಇಳಿಯಬಹುದಿತ್ತು. ಇಳಿಯಲಿಲ್ಲ.
ಕೊಣಾಜೆಯ ಕೊನೆಯ ಬಸ್ಸು ತಪ್ಪುತ್ತದೆ
ಎಂದು ನನಗೆ ನಾನೇ ಹೇಳಿಕೊಂಡದ್ದನ್ನು
ಐದರಲ್ಲಿ ಯಾವ ಚೌಕಕ್ಕೆ ಹಾಕಲಿ?

ಬಿಲ್ಲೆ ಪ್ರಶ್ನಾವಳಿಗಳ ಕಟ್ಟಿನ ಮೇಲೆ ಕೂತಿದೆ,
ಫ್ಯಾನಿನ ಗಾಳಿಗೆ ಹಾಳೆ ಹಾರದ ಹಾಗೆ.
ಬೆಳಿಗ್ಗೆ ಗೈಡಿಗೆ ಒಂದು ಸಾಲು ಬರೆದೆ:
ಹದಿನೆಂಟನೆಯ ವಿದ್ಯಾರ್ಥಿನಿ, ಏಳನೆಯ ಪ್ರಶ್ನೆ,
ಖಾಲಿಯೇ ಇರಲಿ ಸರ್.
ಪಾಕೀಟು ಯಾರದೆಂದು ಇನ್ನೂ ಗೊತ್ತಾಗಿಲ್ಲ.